ಕಾಡಿನ ಕತ್ತಿ, ಕಾಳಗದ ಕತ್ತಿ

ಕತ್ತಿ ಕೈಗೆ ಬಂದರೆ ಹೆಚ್ಚಿನವರು ಮೊದಲು ಅದರ ಬಾಯಿ ಮುಟ್ಟಿ ನೋಡುತ್ತಾರೆ. ನಮ್ಮೂರ ಕುಲುಮೆಯ ಆಚಾರಿ ಹಾಗೆ ಮಾಡುತ್ತಿರಲಿಲ್ಲ. ಅಲಗನ್ನು ತೋರುಬೆರಳ ಮೇಲೆ ಅಡ್ಡ ಮಲಗಿಸಿ, ಅದು ಹಿಡಿಯ ಕಡೆ ವಾಲುತ್ತದೋ ತುದಿಯ ಕಡೆ ವಾಲುತ್ತದೋ ಎಂದು ನೋಡುತ್ತಿದ್ದರು. "ಬಾಯಿ ಹೋದ್ರೆ ಹಣಿದು ಕೊಡ್ತೀನಿ ಗೌಡ್ರೆ, ತೂಕ ತಪ್ಪಿದ್ರೆ ನಾನೇನ್ ಮಾಡ್ಲಿ?" ಎನ್ನುತ್ತಿದ್ದರು. ಶನಿವಾರಸಂತೆಯ ಆಸುಪಾಸಿನ ಕಾಫಿ ತೋಟಗಳಲ್ಲಿ ನೆರಳು ಮರ ಸವರುವ ಮರಗಸಿ ಮಾಡುವವರಿಗೆ, ಕಾಡು ಕೊಚ್ಚುವವರಿಗೆ, ಏಲಕ್ಕಿ ಮಲೆಗೆ ಹೋಗುವವರಿಗೆ ಕತ್ತಿ ಕೊಡುತ್ತಿದ್ದ ಆ ಮನುಷ್ಯನ ಅಳತೆಯನ್ನೇ ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ಈಚೆಗೆ ಅದೇ ಅಳತೆಯಿಂದ ಒಂದು ಹೊಸ ಕತ್ತಿಯನ್ನು ನೋಡಬೇಕಾಗಿ ಬಂತು. ಅಕ್ಕನ ಮಗ ಬೆಂಗಳೂರಿನವನು, ರಜೆ ಸಿಕ್ಕರೆ ಗುಡ್ಡ ಹತ್ತುವ ಹುಡುಗ. ವಿದೇಶದ್ದೊಂದು ಮಚೆಟೆ ತರಿಸಿಕೊಂಡಿದ್ದ. "ಮಾವ, ಇದು ಕಾಡಿಗೇ ಅಂತ ಮಾಡಿದ್ದು. ಮಳೆಗಾಲ ಮುಗಿಯೋವರೆಗೂ ನಿಮ್ಮ ತೋಟದಲ್ಲಿ ಬಳಸಿ ನೋಡಿ, ಆಮೇಲೆ ಹೇಗಿದೆ ಹೇಳಿ" ಎಂದು ಕೊಟ್ಟು ಹೋದ. ಕೆಲಸ ಮಚೆಟೆಯದ್ದು, ರೂಪ ಖಡ್ಗದ್ದು. ನೇರವಾದ ಎರಡಡಿ ಅಲಗು, ಚೂಪು ತುದಿ, ತುಕ್ಕು ಹಿಡಿಯದಿರಲೆಂದು ಬಳಿದ ಕಪ್ಪು ಬಣ್ಣ. ಎರಡೂ ಕೈಯಲ್ಲಿ ಹಿಡಿಯುವಷ್ಟು ಉದ್ದದ ಪ್ಲಾಸ್ಟಿಕ್ ಹಿಡಿ, ಅದರ ಮುಂದೆ ಕತ್ತಿವರಸೆಯವರಿಗೆ ಇರುವಂಥ ಕೈಕಾಪು. ಅಲಗಿನ ದಪ್ಪ ಬುಡದಿಂದ ತುದಿಯವರೆಗೆ ಒಂದೇ, ಮೂರು ಮಿಲಿಮೀಟರಿಗೂ ಕೊಂಚ ಕಡಿಮೆ. ಜೊತೆಗೆ ನೈಲಾನ್ ಒರೆ. ಬೆರಳ ಮೇಲೆ ಮಲಗಿಸಿದರೆ ಹಿಡಿಯ ಹತ್ತಿರವೇ ಸಮತೂಕಕ್ಕೆ ನಿಂತಿತು. ಕೈಯಲ್ಲಿ ಬೀಸಿದರೆ ಹಗುರ, ಚುರುಕು. ಯುವಕರಿಗೆ ಇಷ್ಟವಾಗುವುದು ಸಹಜ.

ತೋಟದಲ್ಲಿ ಅದು ಮಾಡಿದ ಕೆಲಸವನ್ನು ನ್ಯಾಯವಾಗಿ ಹೇಳಬೇಕು. ಬೇಲಿ ಸಾಲಿನ ಕಮ್ಯುನಿಸ್ಟ್ ಗಿಡವನ್ನು ಅದು ಸವರಿಹಾಕಿದ ರೀತಿಗೆ ನಮ್ಮ ಆಳುಗಳೇ ನಿಂತು ನೋಡಿದರು. ಎಳೆ ಕಾಂಡ, ನೀರು ತುಂಬಿದ ತಿರುಳು, ಆಳೆತ್ತರದ ಪೊದೆ. ಬಗ್ಗದೆ ನಿಂತಲ್ಲೇ ನಿಂತು ಬೀಸುತ್ತ ಹೋಗಬಹುದು. ಗೊನೆ ಕಡಿದ ಬಾಳೆಯ ದಿಂಡನ್ನು ಒಂದೇ ಏಟಿಗೆ ಓರೆಯಾಗಿ ಇಳಿಸಿತು. ಹುಲ್ಲಿಗೂ ಸೈ. ಹುಲ್ಲಿನಂಥ ಆಸರೆಯಿಲ್ಲದ ಗಿಡವನ್ನು ಕತ್ತರಿಸುವುದು ವೇಗ. ಉದ್ದ ತೆಳು ಅಲಗಿನ ತುದಿಯಲ್ಲಿ ವೇಗ ತಾನಾಗಿ ಬರುತ್ತದೆ.

ಹಳೆಯ ಲಂಟಾನದ ಹತ್ತಿರ ಹೋದಾಗ ಕಥೆ ಬೇರೆಯಾಯಿತು. ಲಂಟಾನದ ಬುಡ ಹೆಬ್ಬೆರಳಿನ ದಪ್ಪಕ್ಕೆ ಬಂದರೆ ಮರವೇ ಆಗಿಬಿಡುತ್ತದೆ. ಅಲಗು ಅರ್ಧ ಕಚ್ಚಿ ನಿಂತಿತು. ಎಳೆದರೆ ಬಾರದು, ಅಲುಗಿಸಿದರೆ ಬಾಗುತ್ತದೆ. ಏಟಿನ ನಡುಕವೆಲ್ಲ ಮುಂಗೈಗೆ ಬಂತು. ಇಳಿಜಾರಿನಲ್ಲಿ ಕಾಫಿ ಗಿಡಗಳ ಸಂದಿಯಲ್ಲಿ ಎರಡಡಿ ಅಲಗು ಬೀಸಲು ಜಾಗವೇ ಸಾಲದು. ಹಿಂದಕ್ಕೆ ಎತ್ತಿದರೆ ಮೆಣಸಿನ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಮುಂದಕ್ಕೆ ಬಿಟ್ಟರೆ ಕಡಿಯಬಾರದ ಕಾಫಿ ಕೊಂಬೆಗೆ ತಾಗುತ್ತದೆ. ಹಾಲುವಾಣದ ಮೇಲೇರಿ ಮರಗಸಿ ಮಾಡುವವನು ಅದನ್ನು ಹಿಂದಿರುಗಿಸಿಬಿಟ್ಟ. ಒಂದು ಕೈ ಕೊಂಬೆ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಗಿಡ್ಡ ಏಟು ಬೀಳಬೇಕು; ಎರಡು ಕೈಯ ಹಿಡಿ ಮರದ ಮೇಲೆ ಯಾವ ಉಪಯೋಗಕ್ಕೆ? ಬಿದಿರಿನ ಮೇಲೆ ಅಲಗು ಜಾರಿತು. ಮಳೆಯಲ್ಲಿ ನೈಲಾನ್ ಒರೆ ನೀರು ಹಿಡಿದಿಟ್ಟುಕೊಂಡು, ಬಣ್ಣ ಕಿತ್ತ ಕಡೆಯಲ್ಲೆಲ್ಲ ತುಕ್ಕು ಬಂತು.

ಕೆಟ್ಟ ಕತ್ತಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಉಕ್ಕು ಚೆನ್ನಾಗಿಯೇ ಇದೆ. ನನಗೆ ಅನ್ನಿಸಿದ್ದು, ಈ ಅಲಗು ಬೇರೆ ಯಾವುದೋ ನೆಲದ ಗಿಡಗಳಿಗಾಗಿ ಹುಟ್ಟಿದೆ, ಆಮೇಲೆ ಅದರ ಮೇಲೆ ಖಡ್ಗದ ಆಸೆ ಹತ್ತಿದೆ. ಇದರ ವಂಶ ಎಲ್ಲಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ.

ಮಚೆಟೆ ಮಧ್ಯ ಮತ್ತು ದಕ್ಷಿಣ ಅಮೆರಿಕದ, ಕೆರಿಬಿಯನ್ ದ್ವೀಪಗಳ ಕತ್ತಿ. ಅಲ್ಲಿನ ರೈತನಿಗೆ ಅದೊಂದೇ ಸಲಕರಣೆಯಲ್ಲಿ ಕಬ್ಬು, ಬಾಳೆ, ಹುಲ್ಲು, ಕುರುಚಲು ಎಲ್ಲವೂ ಆಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕತ್ತಿಯನ್ನು ಜಗತ್ತಿಗೆ ಹಂಚಿದ ಊರು ಮಾತ್ರ ಉಷ್ಣವಲಯದ್ದಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಫಾರ್ಮಿಂಗ್ಟನ್ ನದಿಯ ದಂಡೆಯಲ್ಲಿ, 1826ರಲ್ಲಿ ಕಾಲಿನ್ಸ್ ಎಂಬ ಕಂಪನಿ ಕೊಡಲಿ ಮಾಡಲು ಶುರುವಾಯಿತು. ಆವರೆಗೆ ಕೊಡಲಿ ಕೊಂಡವನು ತಾನೇ ಬಾಯಿ ಮಸೆದುಕೊಳ್ಳಬೇಕಿತ್ತು. ಇವರು ಮಸೆದೇ ಮಾರಿದರು. ಕೆಲವು ದಶಕಗಳಲ್ಲಿ ಅವರ ಮಚೆಟೆಗಳು ದಕ್ಷಿಣಕ್ಕೆ ಹಡಗು ಹತ್ತತೊಡಗಿದವು. ಬೇಡಿಕೆ ಎಷ್ಟಿತ್ತೆಂದರೆ ನಕಲಿ ಮಾಡುವವರು ಹುಟ್ಟಿಕೊಂಡರು. ಅಸಲಿಯ ಗುರುತಾಗಿ ಕಂಪನಿ 'ಲೆಜಿಟಿಮಸ್' ಎಂದು ಅಚ್ಚೊತ್ತಿ, ಕಿರೀಟದಿಂದ ಮೇಲೆದ್ದ ತೋಳೊಂದು ಸುತ್ತಿಗೆ ಹಿಡಿದ ಚಿತ್ರವನ್ನು ಅಲಗಿನ ಮೇಲೆ ಹಾಕಿತು. ಸುತ್ತಲಿನ ಊರಿನ ಹೆಸರೇ ಕಾಲಿನ್ಸ್‌ವಿಲ್ ಆಯಿತು. 1966ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು.

ಆ ಕಂಪನಿಯ ಪಟ್ಟಿಗಳಲ್ಲಿ ನನ್ನನ್ನು ಸೆಳೆಯುವುದು ಅವರು ಒಂದೇ ಅಚ್ಚನ್ನು ಎಲ್ಲರಿಗೂ ಮಾರಲಿಲ್ಲ ಎಂಬ ಸಂಗತಿ. ದೇಶಕ್ಕೊಂದು, ಬೆಳೆಗೊಂದು ಎಂದು ಬೇರೆ ಬೇರೆ ನಂಬರಿನ ಅಲಗುಗಳಿದ್ದವು. ಕಬ್ಬಿಗೆ ಗಿಡ್ಡ, ಅಗಲ. ಹುಲ್ಲು ಕುರುಚಲಿಗೆ ಉದ್ದ, ತೆಳು. ಕಾಡಂಚಿನ ಗಟ್ಟಿ ಗಿಡಕ್ಕೆ ತುದಿಯಲ್ಲಿ ತೂಕ. ಕಾರ್ಖಾನೆಯವರೇ ಆದರೂ ಕೊಳ್ಳುವವನ ಗದ್ದೆಯಲ್ಲಿ ಏನು ಬೆಳೆಯುತ್ತದೆಂದು ಕೇಳಿ ಅಲಗು ಕತ್ತರಿಸುತ್ತಿದ್ದರು. ಕುಲುಮೆಯವನ ಬುದ್ಧಿಯನ್ನು ಕಾರ್ಖಾನೆ ಕಲಿತಿತ್ತು ಎಂದೇ ನಾನು ಹೇಳುತ್ತೇನೆ.

ಈ ಹೊಲದ ಕತ್ತಿ ಕಾಳಗದ ಕತ್ತಿಯಾದದ್ದು ಕ್ಯೂಬಾದಲ್ಲಿ. 1868ರ ಅಕ್ಟೋಬರ್ 10ರಂದು ಕಾರ್ಲೋಸ್ ಮಾನುಯೆಲ್ ದೆ ಸೆಸ್ಪೆದೆಸ್ ಎಂಬ ಕಬ್ಬಿನ ಗಿರಣಿಯ ಒಡೆಯ ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಸ್ಪೇನಿನ ವಿರುದ್ಧ ದಂಗೆ ಎದ್ದ. ಅವನ ಕಡೆಯವರ ಬಳಿ ಬಂದೂಕು ಕಡಿಮೆ, ಮದ್ದು ಇನ್ನೂ ಕಡಿಮೆ. ಪ್ರತಿಯೊಬ್ಬನ ಸೊಂಟದಲ್ಲೂ ಇದ್ದದ್ದು ಮಚೆಟೆ. ಡೊಮಿನಿಕನ್ ನಾಡಿನಿಂದ ಬಂದಿದ್ದ ಮಾಕ್ಸಿಮೋ ಗೋಮೆಸ್ ಆ ವರ್ಷವೇ ಬೈರೆ ಎಂಬ ಊರಿನ ಹತ್ತಿರ ಸ್ಪೇನಿನ ತುಕಡಿಯೊಂದಕ್ಕೆ ದಾರಿ ಅಡ್ಡಗಟ್ಟಿ, ಮಚೆಟೆ ಬೀಸುತ್ತ ಮೇಲೆ ಬೀಳುವುದನ್ನು ತನ್ನವರಿಗೆ ಕಲಿಸಿದ. ಆ ಮೊದಲ ಯುದ್ಧ ಹತ್ತು ವರ್ಷ ನಡೆಯಿತು. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ಹೋದದ್ದು 1886ರಲ್ಲಿ. 1895ರಲ್ಲಿ ಮತ್ತೆ ಯುದ್ಧ. ಆಗ ಆಂತೋನಿಯೋ ಮಾಸೆಯೋನ ಕುದುರೆ ಸವಾರರು ಹಿಡಿದದ್ದೂ ಮಚೆಟೆಯನ್ನೇ. ಕಬ್ಬು ಕಡಿದು ಕಡಿದು ತೋಳಿಗೆ ಬಂದಿದ್ದ ಏಟಿನ ಅಭ್ಯಾಸ ಅಲ್ಲಿ ಸೈನಿಕನ ತರಬೇತಿಯ ಜಾಗ ತುಂಬಿತು. ಗುಲಾಮನ ಕೈಯ ಸಲಕರಣೆಯೇ ಅವನ ಬಿಡುಗಡೆಯ ಆಯುಧವಾದ ಈ ಕಥೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಖಡ್ಗದಂಥ ಮಚೆಟೆ ಎಂಬ ಕಲ್ಪನೆಗೆ ನಿಜವಾದ ಇತಿಹಾಸವೊಂದಿದ್ದರೆ ಅದು ಅಲ್ಲಿದೆ. ಆದರೆ ಕ್ಯೂಬಾದ ಜನ ಖಡ್ಗದ ಆಕಾರಕ್ಕೆ ಆಸೆಪಟ್ಟು ಮಚೆಟೆ ಹಿಡಿಯಲಿಲ್ಲ. ಕೆಲಸದಲ್ಲಿ ಕೈಗೆ ಒಗ್ಗಿದ್ದನ್ನೇ ಯುದ್ಧಕ್ಕೂ ಒಯ್ದರು. ಈಗಿನ ಮಾರುಕಟ್ಟೆ ಇದನ್ನು ತಿರುವುಮುರುವು ಮಾಡಿದೆ. ರೋಮನ್ ಗಿಡ್ಡಖಡ್ಗದ ಆಕಾರ, ಜಪಾನಿನ ಕತಾನದ ಆಕಾರ, ಸಿನಿಮಾದಲ್ಲಿ ನೋಡಿದ ಇನ್ಯಾವುದೋ ಆಕಾರವನ್ನು ಮೊದಲು ಹಿಡಿದು, ಅದನ್ನು ತೆಳು ತಗಡಿನಲ್ಲಿ ಕತ್ತರಿಸಿ, ಕಾಡಿನ ಕೆಲಸಕ್ಕೆ ಎಂದು ಹೆಸರಿಟ್ಟಿದೆ. ನಿಜವಾದ ಖಡ್ಗ ಬುಡದಲ್ಲಿ ದಪ್ಪವಾಗಿ ತುದಿಗೆ ಹೋಗುತ್ತ ತೆಳುವಾಗುತ್ತದೆ. ಎದುರಾಳಿಯ ಏಟು ತಪ್ಪಿಸಿ ತಿರುಗಿ ಹೊಡೆಯಲು ತೂಕ ಕೈಯ ಹತ್ತಿರವೇ ಇರಬೇಕು. ಗಿಡ ತಿರುಗಿ ಹೊಡೆಯುವುದಿಲ್ಲ. ಗಿಡಕ್ಕೆ ಬೇಕಾದ್ದು ಮುಂದೆ ಕೂತ ತೂಕ. ಈ ಎರಡು ಬೇಡಿಕೆಗಳನ್ನು ಒಂದೇ ಅಲಗಿನಲ್ಲಿ ಪೂರೈಸುವುದು ಕಷ್ಟ.

ಕಾಡಿನಲ್ಲಿ ಕಾದಾಡಿದ ಸೇನೆಗಳೂ ಉದ್ದದ ಅಲಗನ್ನು ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ 1942ರಲ್ಲಿ ಗೊತ್ತುಮಾಡಿದ ಮಚೆಟೆಯ ಅಲಗು 18 ಅಂಗುಲ. 1948ರಿಂದ 1960ರವರೆಗೆ ಮಲಯದ ಕಾಡುಗಳಲ್ಲಿ ಹೋರಾಡಿದ ಬ್ರಿಟಿಷರು ಅಲ್ಲಿನ ಜನರ ಗೋಲೋಕ್ ಎಂಬ ಕತ್ತಿಯ ಮಾದರಿಗೆ ಬಂದರು. ಅದು ಇನ್ನೂ ಗಿಡ್ಡ, ಇನ್ನೂ ದಪ್ಪ. ದಟ್ಟ ಕಾಡಿನಲ್ಲಿ ತೋಳು ಪೂರ್ತಿ ಚಾಚಲು ಆಗುವುದಿಲ್ಲ ಎಂಬ ಸರಳ ಸಂಗತಿಯನ್ನು ಸೇನೆಗಳು ಬೇರೆ ದಾರಿಯಿಲ್ಲದೆ ಕಲಿತವು.

ನಮ್ಮ ಕೊಡಗು ಅದನ್ನು ಬಹಳ ಹಿಂದೆಯೇ ಕಲಿತಿತ್ತು. ಒಡಿಕತ್ತಿಯನ್ನು ನೋಡದವರಿಗಾಗಿ ಹೇಳುತ್ತೇನೆ: ಅಲಗು ಹಿಡಿಯ ಹತ್ತಿರ ಕಿರಿದಾಗಿ ಹೊರಟು, ಮುಂದೆ ಹೋದಂತೆ ಅಗಲವಾಗಿ, ಒಳಕ್ಕೆ ಬಾಗುತ್ತದೆ. ಬಾಯಿ ಇರುವುದು ಆ ಒಳಬಾಗಿನಲ್ಲಿ. ಬೆನ್ನು ದಪ್ಪ. ಬೆರಳ ಮೇಲೆ ಮಲಗಿಸಿದರೆ ತುದಿಯ ಕಡೆಗೆ ಬಿದ್ದೇಬೀಳುತ್ತದೆ. ಏಟು ಬಿದ್ದಾಗ ಬಾಗು ಗಿಡವನ್ನು ಜಾರಲು ಬಿಡದೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ತೂಕ ಉಳಿದ ಕೆಲಸ ಮಾಡುತ್ತದೆ. ನೇಪಾಳದ ಖುಕುರಿಯೂ ಇದೇ ಬುದ್ಧಿಯ ಅಲಗು. ಕೊಡವರ ಉಡುಪಿನಲ್ಲಿ ಎರಡು ಕತ್ತಿಗಳಿವೆ. ಮುಂದೆ, ಚೇಲೆ ಎಂಬ ಕೆಂಪು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುವುದು ಬೆಳ್ಳಿ ಕೆಲಸದ ಒರೆಯ ಪೀಚೆಕತ್ತಿ. ಬೆನ್ನ ಹಿಂದೆ, ತೋಡಂಗ್ ಎಂಬ ಹಿತ್ತಾಳೆ ಹಿಡಿಕೆಗೆ ಸಿಕ್ಕಿಸಿಕೊಳ್ಳುವುದು ಒಡಿಕತ್ತಿ. ಪೀಚೆಕತ್ತಿಗೆ ಒರೆ ಉಂಟು, ಒಡಿಕತ್ತಿಗೆ ಇಲ್ಲ. ಅಲಗು ಬಯಲಿಗೇ ಇರುತ್ತದೆ.

ಈ ತೋಡಂಗಿನ ಮೇಲೆ ನನಗೆ ವಿಶೇಷ ಗೌರವ. ಅದನ್ನು ಅಲಂಕಾರವೆಂದು ನೋಡುವವರೇ ಹೆಚ್ಚು. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಮಳೆ ಹೊಯ್ಯುವ ನಾಡಿನಲ್ಲಿ ಒದ್ದೆ ಅಲಗನ್ನು ಮುಚ್ಚಿದ ಒರೆಯಲ್ಲಿಟ್ಟರೆ ಏನಾಗುತ್ತದೆಂದು ಆ ನೈಲಾನ್ ಒರೆ ನನಗೆ ಚೆನ್ನಾಗಿ ತೋರಿಸಿತು. ತೆರೆದ ಹಿಡಿಕೆಯಲ್ಲಿ ನೀರು ನಿಲ್ಲುವುದಿಲ್ಲ, ಗಾಳಿಯಾಡುತ್ತದೆ, ಕೈ ಹಿಂದೆ ಹೋದರೆ ಹಿಡಿ ಸಿಗುತ್ತದೆ. ಮುಳ್ಳುಪೊದೆಯಲ್ಲಿ ನುಗ್ಗುವಾಗ ಪಕ್ಕದಲ್ಲಿ ನೇತಾಡಿ ಸಿಕ್ಕಿಕೊಳ್ಳುವುದೂ ಇಲ್ಲ. ನಾಗಾ ಬೆಟ್ಟಗಳ ಜನ ತಮ್ಮ ದಾವ್ ಕತ್ತಿಯನ್ನು ಬೆನ್ನ ಹಿಂದೆ ಮರದ ಹಿಡಿಕೆಯಲ್ಲಿ ಹೀಗೆಯೇ ಇಟ್ಟುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಹೋಗುವವರು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮಳೆಕಾಡಿನ ಮೂರು ಕಡೆಯ ಜನ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉತ್ತರಕ್ಕೆ ಬಂದಿದ್ದಾರೆ ಎಂದರೆ ಆ ಉತ್ತರದಲ್ಲಿ ಸತ್ಯವಿದೆ ಎಂದು ನಾನು ನಂಬುತ್ತೇನೆ.

ಒಡಿಕತ್ತಿ ಕಾಳಗದ ಆಯುಧವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೇನೆಗಳ ವಿರುದ್ಧ ಕೊಡಗಿನವರು ನಡೆಸಿದ್ದು ಬಹುಪಾಲು ಕಾಡಿನ ಕಾಳಗ: ದಾರಿ ಕಡಿಯುವುದು, ಕಡಂಗಗಳ ಹಿಂದೆ ಅಡಗುವುದು, ಹತ್ತಿರಕ್ಕೆ ಬಿಟ್ಟುಕೊಂಡು ಮೇಲೆ ಬೀಳುವುದು. ಕಡಂಗವೆಂದರೆ ನಾಡು ನಾಡುಗಳ ನಡುವೆ ತೋಡಿದ ಆಳದ ಕಂದಕ, ಪಕ್ಕದಲ್ಲಿ ಎತ್ತರದ ಮಣ್ಣಿನ ಏರಿ; ಇವತ್ತಿಗೂ ತೋಟಗಳ ನಡುವೆ ಅವು ಸಾಲುಸಾಲಾಗಿ ಉಳಿದಿವೆ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಮೇಲೆ ನಾಲ್ಕಾರು ದಿಕ್ಕಿನಿಂದ ನುಗ್ಗಿದಾಗ ಉತ್ತರದ ಗಡಿಯಲ್ಲಿ, ನಮ್ಮ ಕಡೆಯಲ್ಲಿ, ಮರ ಬಿದಿರುಗಳ ತಡೆಗೋಡೆಯ ಮುಂದೆ ಅವರ ಒಂದು ದಳ ಭಾರಿ ನಷ್ಟ ತಿಂದು ಹಿಂದೆ ಸರಿಯಿತು. ಆದರೂ ಮಡಿಕೇರಿ ಆ ಏಪ್ರಿಲಿನಲ್ಲೇ ಅವರ ಕೈಸೇರಿತು, ಅರಸ ಶರಣಾದ. ತಡೆಗೋಡೆ ಕಟ್ಟಲು ಬಿದಿರು ಕಡಿದ ಕತ್ತಿಗಳು ಯಾವುವು, ಅದರ ಹಿಂದೆ ನಿಂತು ಕಾದ ಕತ್ತಿಗಳು ಯಾವುವು ಎಂದು ಬೇರೆಬೇರೆ ಮಾಡಿ ಯಾರೂ ಬರೆದಿಟ್ಟಿಲ್ಲ. ಎರಡೂ ಒಂದೇ ಮನೆಗಳಿಂದ, ಒಂದೇ ಕುಲುಮೆಗಳಿಂದ ಬಂದವು.

ಕೊಡಗಿನಲ್ಲಿ ಆ ಕುಲುಮೆಗಳು ಐರಿ ಸಮುದಾಯದವರವು. ಮರಗೆಲಸವೂ ಅವರದೇ, ಕಬ್ಬಿಣದ ಕೆಲಸವೂ ಅವರದೇ. ಕತ್ತಿಯ ಬಗ್ಗೆ ಬರೆಯುವವರು ಕತ್ತಿ ಹಿಡಿದವರನ್ನು ಹೊಗಳುತ್ತಾರೆ. ಮಾಡಿದವರ ಹೆಸರು ಬರುವುದು ಕಡಿಮೆ. ಇದು ನನಗೆ ನೋವಿನ ವಿಷಯ. ಮೈಸೂರು ಸೀಮೆಯ ಕಬ್ಬಿಣದವರ ಬಗ್ಗೆಯಾದರೂ ಒಂದು ಒಳ್ಳೆಯ ದಾಖಲೆ ಉಳಿದಿದೆ. 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಆದೇಶದಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ತನ್ನ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದ. ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದು, ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸಿ ಉಕ್ಕು ಮಾಡುವುದು, ಯಾರಿಗೆ ಎಷ್ಟು ಪಾಲು ಸೇರುತ್ತದೆ ಎಂಬುದು, ಎಲ್ಲವನ್ನೂ ಅವನು ಕೂತು ಕೇಳಿ ಬರೆದಿದ್ದಾನೆ. ಮುಚ್ಚಿದ ಮೂಸೆಯಲ್ಲಿ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತದೆ. ಮೆದು ಕಬ್ಬಿಣ ಬಾಯಿ ನಿಲ್ಲುವ ಉಕ್ಕಾಗುತ್ತದೆ. ಅದರ ಹಿಂದಿನ ರಸಾಯನ ತಿಳಿಯದೆಯೂ ಅದರ ಫಲವನ್ನು ಖಚಿತವಾಗಿ ಪಡೆಯುತ್ತಿದ್ದ ಜನ ಅವರು. ಹಡಗಿನಲ್ಲಿ ಬಂದ ಅಗ್ಗದ ವಿಲಾಯತಿ ಕಬ್ಬಿಣ ಮುಂದಿನ ದಶಕಗಳಲ್ಲಿ ಆ ಕುಲುಮೆಗಳನ್ನು ಆರಿಸಿತು.

ಈಗಿನ ಕುಲುಮೆಗಳಲ್ಲಿ ಕತ್ತಿಯ ಉಕ್ಕು ಲಾರಿಯ ಸ್ಪ್ರಿಂಗ್ ಪಟ್ಟಿಯದು. ಗುಜರಿಯವರಿಂದ ತಂದು, ಕಾಯಿಸಿ, ಚಮ್ಮಟಿಗೆಯಲ್ಲಿ ಬಡಿದು, ಬೆನ್ನು ದಪ್ಪ ಉಳಿಸಿ ಬಾಯಿಯ ಕಡೆ ತೆಳು ಮಾಡುತ್ತಾರೆ. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡ 0.6. ವಿದೇಶಿ ಮಚೆಟೆಗಳಲ್ಲಿ ಹೆಚ್ಚಾಗಿ ಬಳಸುವ 1055 ಎಂಬ ಉಕ್ಕಿನಲ್ಲಿ ಶೇಕಡ 0.55ರ ಆಸುಪಾಸು. ಅಂದರೆ ಲೋಹದಲ್ಲಿ ನಮ್ಮ ಸಂತೆಯ ಕತ್ತಿಗೂ ಅಕ್ಕನ ಮಗನ ಕತ್ತಿಗೂ ಹೇಳಿಕೊಳ್ಳುವ ಅಂತರವಿಲ್ಲ. ಅಂತರವಿರುವುದು ಬೆನ್ನಿನ ದಪ್ಪದಲ್ಲಿ, ಬಾಗಿನಲ್ಲಿ, ನೀರು ಹಿಡಿಸುವ ಕೈಯಲ್ಲಿ. ನಮ್ಮ ಆಚಾರಿ ಅಲಗನ್ನು ಪೂರ್ತಿ ಮುಳುಗಿಸುತ್ತಿರಲಿಲ್ಲ. ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಎತ್ತುತ್ತಿದ್ದರು. ಬೆನ್ನಿನಲ್ಲಿ ಉಳಿದ ಕಾವು ನಿಧಾನಕ್ಕೆ ಬಾಯಿಗೆ ಹರಿಯುತ್ತಿತ್ತು. ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಓಡಿ ಬರುವುದನ್ನು ಕಾದು, ನೀಲಿಗೆ ತಿರುಗುವ ಮೊದಲೇ ಮತ್ತೆ ನೀರಿಗೆ. ಹೀಗೆ ಬಾಯಿ ಗಟ್ಟಿ, ಬೆನ್ನು ಮೆದು. ಗಟ್ಟಿ ಮರಕ್ಕೆ ಬಿದ್ದರೂ ಅಲಗು ಮುರಿಯದು. ಕಾದ ಅಲಗಿನ ಕೆಂಪು ಸರಿಯಾಗಿ ಕಾಣಬೇಕೆಂದೇ ಕುಲುಮೆಯಲ್ಲಿ ಕಿಟಕಿ ತೆರೆಯುತ್ತಿರಲಿಲ್ಲ.

ಒಡಿಕತ್ತಿ ಮತ್ತು ಕೆಲಸದ ಕತ್ತಿ ಬೇರೆಯಾದದ್ದು ಬ್ರಿಟಿಷರ ಕಾಲದಲ್ಲಿ. 1857ರ ದಂಗೆಯ ನಂತರ ಜನರ ಕೈಯಿಂದ ಆಯುಧ ತೆಗೆಸುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದಲ್ಲೂ ಆ ವಿನಾಯಿತಿ ಬೇರೆ ರೂಪದಲ್ಲಿ ಮುಂದುವರಿಯಿತು. 1963ರ ಅಧಿಸೂಚನೆಯಲ್ಲಿ ಕೊಡವರೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಸೇರಿದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹೀಗೆ ಒಡಿಕತ್ತಿ ಮನೆಗಳಲ್ಲಿ ಉಳಿಯಿತು, ಆದರೆ ಕಾಳಗವಿಲ್ಲದ ಕಾಲದಲ್ಲಿ ಆಚರಣೆಯ ಕತ್ತಿಯಾಗಿ ಉಳಿಯಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೋವಿ ಕತ್ತಿಗಳನ್ನು ತೊಳೆದು, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುವ ಶಾಸ್ತ್ರವಿದೆ. ನೋಡುವವರಿಗೆ ಅದು ಸಂಭ್ರಮ. ಕಡಿಯುವವನಿಗೆ ಅದು ಪರೀಕ್ಷೆ. ಬಾಳೆ ಮೆದು ಎಂದು ಬಲ ಬಿಟ್ಟರೆ ನಾರಿನಲ್ಲಿ ಅಲಗು ನಿಂತುಬಿಡುತ್ತದೆ. ಏಟಿನೊಂದಿಗೆ ಎಳೆತವೂ ಸೇರಬೇಕು.

ಕೆಲಸದ ಕತ್ತಿ ಬೇರೆ ದಾರಿ ಹಿಡಿಯಿತು. 1854ರಲ್ಲಿ ಫೌಲರ್ ಎಂಬುವವರು ಮಡಿಕೇರಿಯ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ ಮೇಲೆ ಕೊಡಗಿನ ಕಾಡು ವೇಗವಾಗಿ ತೋಟವಾಯಿತು. ಕಾಡು ಕಡಿಯಲು, ಗುಂಡಿ ತೆಗೆಯಲು, ನೆರಳು ಮರ ಸವರಲು ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಜನ ಬಂದರು. ಅವರೊಂದಿಗೆ ಅವರ ಊರಿನ ಕತ್ತಿಗಳೂ ಬಂದವು. ಅದೇ ಶತಮಾನದಲ್ಲಿ ಲಂಟಾನವೂ ಹಬ್ಬಿತು. ಅಲಂಕಾರದ ಹೂಗಿಡವೆಂದು ಇಂಗ್ಲಿಷರು ಮೊದಲು ಕಲ್ಕತ್ತೆಯ ತೋಟಕ್ಕೆ ತಂದ ಗಿಡ ಅದು. ಲಂಟಾನವೂ ಕಮ್ಯುನಿಸ್ಟ್ ಗಿಡವೂ ಮಚೆಟೆಯ ತವರಾದ ಉಷ್ಣವಲಯದ ಅಮೆರಿಕದವೇ. ಆದರೆ ನಮ್ಮ ಮಳೆಯಲ್ಲಿ, ನಮ್ಮ ಇಳಿಜಾರಿನಲ್ಲಿ, ವರ್ಷಗಟ್ಟಲೆ ಯಾರೂ ಕಡಿಯದೆ ಬಿಟ್ಟ ಲಂಟಾನ ಗಟ್ಟಿ ಬುಡದ ಹೆಣಿಗೆಯಾಗಿ ಬೆಳೆದಿದೆ. ಅದಕ್ಕೆ ಸರಿಯಾಗಿ ನಮ್ಮ ಕತ್ತಿಗಳು ಇನ್ನಷ್ಟು ಗಿಡ್ಡವಾದವು, ಕೊಕ್ಕು ಇನ್ನಷ್ಟು ಬಾಗಿತು. ಎಡಗೈ ಗಿಡ ಹಿಡಿಯುವ ಬದಲು ಕೊಕ್ಕೇ ಗಿಡವನ್ನು ಎಳೆದು ಹಿಡಿಯುತ್ತದೆ. ಮುಳ್ಳು ಕೈಗೆ ತಾಗುವುದಿಲ್ಲ. ನೇರ ಅಲಗಿನ ಖಡ್ಗಕ್ಕೆ ಈ ಕೆಲಸ ಎಂದೂ ಬಾರದು.

ಇನ್ನೊಂದು ಸಂಗತಿಯನ್ನು ಕೊಳ್ಳುವ ಹುಡುಗರು ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದ ಸಲಕರಣೆಗಳನ್ನು ಆಯುಧವೆಂದು ಎಣಿಸುವುದಿಲ್ಲ. ಆದರೆ ಅದರಡಿ 1962ರಲ್ಲಿ ಬಂದ ನಿಯಮಗಳು ಖಡ್ಗ, ಬಾಕು, ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗಿನ ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿಟ್ಟವು. ಬೇಸಾಯ, ಮನೆ, ಕೈಗಾರಿಕೆ, ವಿಜ್ಞಾನದ ಕೆಲಸಕ್ಕೆ ಮಾಡಿದವನ್ನು ಮಾತ್ರ ಹೊರಗಿಟ್ಟವು. ಅಂದರೆ ಕಾನೂನು ಕೇಳುವುದು ಈ ಅಲಗನ್ನು ಯಾವುದಕ್ಕಾಗಿ ಮಾಡಿದ್ದಾರೆ ಎಂದು. ನಮ್ಮ ಮಚ್ಚುಗತ್ತಿ ಅದಕ್ಕೆ ನೇರ ಉತ್ತರ ಕೊಡುತ್ತದೆ. ಕೈಕಾಪು, ಎರಡು ಕೈಯ ಹಿಡಿ, ಇರಿಯುವ ತುದಿ ಇರುವ ಎರಡಡಿ ಅಲಗನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸು ಹತ್ತಿದವನು ಚೆಕ್‌ಪೋಸ್ಟಿನಲ್ಲಿ ಅದನ್ನು ಬೇಸಾಯದ್ದೆಂದು ವಿವರಿಸುವುದು ಕಷ್ಟ. ಅಭಯಾರಣ್ಯದೊಳಗಂತೂ ಇಂಥದ್ದನ್ನು ಒಯ್ಯುವುದೇ ತಪ್ಪು. ಚಾರಣದ ದಾರಿಯಲ್ಲಿ ಗಿಡ ಕಡಿಯುವ ಹಕ್ಕು ನಮಗಾರಿಗೂ ಇಲ್ಲ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇದು. ಬಯಲಲ್ಲಿ, ಎಳೆ ಕಳೆಗೆ, ಹುಲ್ಲಿಗೆ, ಬಾಳೆಗೆ ಈ ಮಚೆಟೆ ಒಳ್ಳೆಯದು. ಸಮತಟ್ಟಿನ ತೋಟದವರು ಕೊಂಡರೆ ದುಡ್ಡು ವ್ಯರ್ಥವಾಗದು. ಒರೆ ಬಿಟ್ಟು ಒಣಗಿಸಿ, ಎಣ್ಣೆ ಸವರಿ ಇಡಬೇಕು. ಪಶ್ಚಿಮಘಟ್ಟದ ಇಳಿಜಾರಿಗೆ, ಗಟ್ಟಿ ಗಿಡಕ್ಕೆ, ಮರದ ಮೇಲಿನ ಕೆಲಸಕ್ಕೆ ಇದು ಬೇಡ. ನಮ್ಮ ಮಳೆಕಾಡಿಗೆ ಬೇಕಾದ್ದು ಅಂಗೈಗೆ ತುಂಬುವ ಮರದ ಹಿಡಿ, ಒಂದಡಿ ಒಂದೂಕಾಲಡಿ ಅಲಗು, ಕಿರುಬೆರಳ ಅರ್ಧದಷ್ಟು ದಪ್ಪದ ಬೆನ್ನು, ತುದಿಯಲ್ಲಿ ಬಾಗು ಮತ್ತು ತೂಕ.

ಅಂಥ ಕತ್ತಿಯನ್ನು ಹೇಳಿ ಮಾಡಿಸಿಕೊಳ್ಳಲು ಈಗಲೂ ಸಾಧ್ಯ. ನಮ್ಮೂರ ಆಚಾರಿಯ ಕುಲುಮೆ ಅವರೊಂದಿಗೇ ಹೋಯಿತು. ಆದರೆ ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆಯ ಕಡೆ ಸಂತೆಯ ದಿನ ವಿಚಾರಿಸಿದರೆ ತಿದಿ ಊದುವ ಮನೆಗಳ ದಾರಿ ಯಾರಾದರೂ ತೋರಿಸುತ್ತಾರೆ. ಹೋಗುವಾಗ ನೀವು ಯಾವ ಗಿಡ ಕಡಿಯುತ್ತೀರಿ, ನೆಲದ ಮೇಲೆ ನಿಂತೋ ಮರದ ಮೇಲೆ ಕೂತೋ, ಬಲಗೈಯೋ ಎಡಗೈಯೋ ಎಂದು ಹೇಳಿ. ಹೆಚ್ಚು ಚೌಕಾಸಿ ಮಾಡಬೇಡಿ. ಒಂದು ದಿನದ ದುಡಿಮೆ, ಇದ್ದಿಲಿನ ಬೆಲೆ, ಇಬ್ಬರ ತೋಳಿನ ಬಲ ಅದರಲ್ಲಿದೆ. ವಿದೇಶದ ಕತ್ತಿಗೆ ಕೊಡುವುದರಲ್ಲಿ ಅರ್ಧವನ್ನಾದರೂ ಅವರ ಕೈಗೆ ಕೊಡಿ. ಆ ಬೆಲೆ ಸಿಕ್ಕಿದರೆ ಅವರ ಮಕ್ಕಳೂ ಕುಲುಮೆಯಲ್ಲಿ ನಿಲ್ಲುತ್ತಾರೆ.